ಐಟಿಐ ಮಕ್ಕಳನ್ನು ಹೊರದೇಶದ ಕೆಲಸಕ್ಕೆ ಸಿದ್ಧಗೊಳಿಸುವಾಗ ಮೊದಲು ಕಲಿಸಬೇಕಾದದ್ದು ಯಾವುದು?

ಪ್ರಶ್ನೆ: ಕಿರಿಯ ತರಬೇತಿ ಅಧಿಕಾರಿ, ಗದಗ ಜಿಲ್ಲೆ

ಸರ್ಕಾರಿ ಐಟಿಐ ಒಂದರಲ್ಲಿ ಹನ್ನೊಂದು ವರ್ಷಗಳಿಂದ ಫಿಟ್ಟರ್ ಟ್ರೇಡ್ ಕಲಿಸುತ್ತಿದ್ದೇನೆ. ಮೊದಲೆಲ್ಲ ನಮ್ಮ ಹುಡುಗರ ಕಣ್ಣು ಹುಬ್ಬಳ್ಳಿಯ ಗೋಕುಲ ರಸ್ತೆಯ ಮೇಲೋ ಬೆಂಗಳೂರಿನ ಪೀಣ್ಯದ ಮೇಲೋ ಇರುತ್ತಿತ್ತು. ಈಗ ಪ್ರವೇಶ ಪಡೆಯುವ ದಿನವೇ ಜರ್ಮನಿ, ಜಪಾನ್ ಎಂದು ಕೇಳುತ್ತಾರೆ. 2022ರ ಡಿಸೆಂಬರ್‌ನಲ್ಲಿ ಭಾರತ ಮತ್ತು ಜರ್ಮನಿ ವಲಸೆ ಕುರಿತ ಒಪ್ಪಂದಕ್ಕೆ ಸಹಿ ಹಾಕಿದ್ದು, 2024ರಲ್ಲಿ ಜರ್ಮನಿಯು ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ನೀಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿದ್ದು, ಎಲ್ಲವೂ ಅವರ ಮೊಬೈಲಿಗೆ ಬಂದಿದೆ.

ಕಳೆದ ವಾರ ಒಬ್ಬ ತಂದೆ ಹೊಲದ ಪಹಣಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. "ಮೂರು ಲಕ್ಷ ಕಟ್ಟಿದ್ರ ಆರು ತಿಂಗಳದಾಗ ಕಳಸ್ತಾರಂತ್ರೀ ಸರ, ಸಾಲ ಮಾಡ್ಲೇನ್ರಿ?" ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಪಠ್ಯಕ್ರಮ ಮುಗಿಸಿ ವಾರಕ್ಕೆ ನನ್ನ ಕೈಯಲ್ಲಿ ಉಳಿಯುವುದು ಎರಡು ಗಂಟೆ ಮಾತ್ರ. ಅದನ್ನು ಭಾಷೆಗೆ ಕೊಡಲೇ, ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಕ್ಕೆ ಕೊಡಲೇ? ಆ ತಂದೆಗೆ ಏನು ಹೇಳಲಿ?

ಉತ್ತರ 1: ಧಾರವಾಡದವನು, ಈಗ ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪದಲ್ಲಿ ಮಷಿನಿಸ್ಟ್

ಸರ್, ನಾನೂ ಐಟಿಐನಿಂದಲೇ ಬಂದವನು. ಇಲ್ಲಿ ಕುಶಲ ಕೆಲಸಗಾರನೆನಿಸಿಕೊಳ್ಳಲು ಸಾಮಾನ್ಯವಾಗಿ ನಮ್ಮ ತರಬೇತಿಗೆ ಮಾನ್ಯತೆ ಪಡೆಯಬೇಕಾಗುತ್ತದೆ. ಕೈಗಾರಿಕೆಯ ಹೆಚ್ಚಿನ ಟ್ರೇಡ್‌ಗಳ ಅರ್ಜಿಗಳನ್ನು ನ್ಯೂರೆಂಬರ್ಗ್‌ನಲ್ಲಿರುವ ಐಎಚ್‌ಕೆ ಫೋಸಾ ಎಂಬ ಕಚೇರಿ ಪರಿಶೀಲಿಸುತ್ತದೆ. ಇಲ್ಲಿಯ ಹುಡುಗರು ಈ ಕೆಲಸವನ್ನು ಮೂರೂವರೆ ವರ್ಷ ಕಲಿಯುತ್ತಾರೆ, ನಾವು ಕಲಿತದ್ದು ಎರಡು ವರ್ಷ. ಆದ್ದರಿಂದ ಪ್ರಮಾಣಪತ್ರವೊಂದನ್ನೇ ಕಳುಹಿಸಿದರೆ ಪೂರ್ಣ ಮಾನ್ಯತೆ ಸಿಗುವುದು ಕಷ್ಟ. ಆದರೆ ಕೊರತೆಯನ್ನು ಕೆಲಸದ ಅನುಭವದಿಂದ ತುಂಬಿಕೊಳ್ಳಲು ಅವಕಾಶವಿದೆ, ಅದು ಕಾಗದದಲ್ಲಿ ಕಾಣಬೇಕು ಅಷ್ಟೇ. ನಾನು ಎಡವಿದ್ದು ಇಲ್ಲಿಯೇ. ನನ್ನ ಹಳೆಯ ವರ್ಕ್‌ಶಾಪಿನ ಪತ್ರದಲ್ಲಿ "ಇವರು ನಾಲ್ಕು ವರ್ಷ ಆಪರೇಟರ್ ಆಗಿದ್ದರು" ಎಂಬ ಒಂದೇ ಸಾಲಿತ್ತು. ಯಾವ ಯಂತ್ರ, ಯಾವ ಲೋಹ, ಎಷ್ಟು ಮೈಕ್ರಾನ್ ಅಳತೆಯವರೆಗೆ ಕೆಲಸ, ಡ್ರಾಯಿಂಗ್ ನೋಡಿ ಸ್ವತಃ ಸೆಟ್ಟಿಂಗ್ ಮಾಡುತ್ತಿದ್ದೆನೇ ಎಂಬುದನ್ನೆಲ್ಲ ಬರೆಸಿ ತರಿಸಿಕೊಳ್ಳುವಷ್ಟರಲ್ಲಿ ಏಳು ತಿಂಗಳು ಕಳೆದವು. ಮೊದಲ ವರ್ಷದಿಂದಲೇ ಪ್ರತಿಯೊಬ್ಬನೂ ತಾನು ಮಾಡಿದ ಜಾಬ್‌ಗಳನ್ನು, ಅಂದರೆ ತಯಾರಿಸಿದ ಭಾಗಗಳನ್ನು, ಗಂಟೆಗಳ ಸಮೇತ ಒಂದು ಪುಸ್ತಕದಲ್ಲಿ ಬರೆದಿಡುವಂತೆ ಮಾಡಿರಿ. ಆಮೇಲೆ ಅನುಭವದ ಪತ್ರದಲ್ಲಿ ಏನೇನು ಇರಬೇಕೆಂದು ಕೇಳುವ ರೂಢಿಯೂ ಅವರಿಗೆ ಬರುತ್ತದೆ.

ಇನ್ನು ಭಾಷೆ. ಇಲ್ಲಿ ಪಾಳಿ ಬದಲಾಗುವಾಗ ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತದೆ. "ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದಿದೆ, ವ್ಯಾಸ 0.02 ಮಿ.ಮೀ. ಹೆಚ್ಚು ಬರುತ್ತಿದೆ, ಆಫ್‌ಸೆಟ್ ತಿದ್ದಿ" ಎಂದು ಹಿಂದಿನ ಪಾಳಿಯವನು ಅವಸರದ ಅಕ್ಷರದಲ್ಲಿ ಜರ್ಮನ್‌ನಲ್ಲಿ ಗೀಚಿ ಹೋಗಿರುತ್ತಾನೆ. ಅದನ್ನು ಓದಲಾರದ ಕೆಲಸಗಾರ ಎಂಥ ಕುಶಲಿಯಾದರೂ ಬೆಳಿಗ್ಗೆ ಆರಕ್ಕೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹದಿನೆಂಟು, ಇಪ್ಪತ್ತರ ಹುಡುಗರಿಗೆ ಇಲ್ಲಿಯೇ ಭತ್ಯೆ ಪಡೆಯುತ್ತಾ ವೃತ್ತಿ ಕಲಿಯುವ ದಾರಿಯೂ ಇದೆ. ಅದಕ್ಕೂ ಸಾಮಾನ್ಯವಾಗಿ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಬೇಕು, ಅದು ಆರು ವಾರಗಳಲ್ಲಿ ಬರುವಂಥದ್ದಲ್ಲ.

ಉತ್ತರ 2: ಗುಣಮಟ್ಟ ವಿಭಾಗದ ಮೇಲ್ವಿಚಾರಕಿ, ನರಸಾಪುರ, ಕೋಲಾರ ಜಿಲ್ಲೆ

ಹೊರದೇಶಕ್ಕೆ ಹೋಗುವವರಷ್ಟೇ ಜಾಗತಿಕ ಮಾರುಕಟ್ಟೆಯಲ್ಲಿದ್ದಾರೆ ಎಂದುಕೊಳ್ಳಬೇಡಿ ಸರ್. ನಮ್ಮ ಕಾರ್ಖಾನೆಗೆ ಕೆಲವು ಡ್ರಾಯಿಂಗ್‌ಗಳು ಯುರೋಪಿನಿಂದಲೂ ಕೆಲವು ಜಪಾನಿನಿಂದಲೂ ಬರುತ್ತವೆ. ನಾವು ಐಟಿಐನಲ್ಲಿ ಬಿಡಿಸಿ ಬಿಡಿಸಿ ಕೈ ಪಳಗಿಸಿಕೊಂಡದ್ದು ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ ಎಂಬ, ವಸ್ತುವಿನ ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಕ್ರಮದಲ್ಲಿ, ಯುರೋಪಿನದೂ ಅದೇ. ಜಪಾನ್ ಮತ್ತು ಅಮೆರಿಕದ್ದು ಥರ್ಡ್ ಆ್ಯಂಗಲ್. ಮೇಲಿನಿಂದ ಕಾಣುವ ನೋಟ ನಮ್ಮಲ್ಲಿ ಕೆಳಗೆ ಇದ್ದರೆ ಅವರಲ್ಲಿ ಮೇಲೆಯೇ ಇರುತ್ತದೆ, ಎಡಬಲಗಳೂ ಹಾಗೆಯೇ ಅದಲು ಬದಲು. ಯಾವುದೆಂದು ತಿಳಿಸುವುದು ಡ್ರಾಯಿಂಗಿನ ವಿವರ ಬರೆಯುವ ಚೌಕದ, ಅಂದರೆ ಟೈಟಲ್ ಬ್ಲಾಕಿನ, ಮೂಲೆಯಲ್ಲಿರುವ, ತುದಿ ಕತ್ತರಿಸಿದ ಶಂಕುವಿನ ಒಂದು ಪುಟ್ಟ ಚಿಹ್ನೆ. ಹೊಸದಾಗಿ ಸೇರಿದ ಹುಡುಗನೊಬ್ಬ ಅದನ್ನು ಗಮನಿಸದೆ ಸ್ಲಾಟನ್ನು ಎದುರು ಬದಿಗೆ ಹೊಡೆದ. ನಾನು ತಪಾಸಣೆಗೆ ಹೋಗುವ ಹೊತ್ತಿಗೆ ನಲವತ್ತು ಪೀಸ್ ಟ್ರೇ ಸೇರಿದ್ದವು. ಅವನ ಫೈಲಿಂಗ್ ನಮ್ಮಲ್ಲೇ ಅತ್ಯುತ್ತಮ, ಆದರೂ ಅಂದು ಅವನು ಅತ್ತುಬಿಟ್ಟ. ನಿಮ್ಮ ಎರಡು ಗಂಟೆಗಳಲ್ಲಿ ಒಂದೇ ಜಾಬನ್ನು ಎರಡೂ ರೀತಿಯಲ್ಲಿ ಬಿಡಿಸಿಸಿ, ಓದಿಸಿ. ಸಿಎನ್‌ಸಿ ಯಂತ್ರವನ್ನು ಯಾವ ಕಂಪನಿಯಾದರೂ ಕಲಿಸಿಕೊಡುತ್ತದೆ, ಡ್ರಾಯಿಂಗ್ ಓದುವುದನ್ನು ಕಲಿಸುವಷ್ಟು ತಾಳ್ಮೆ ಉತ್ಪಾದನೆಯ ನಡುವೆ ಯಾರಿಗೂ ಇರುವುದಿಲ್ಲ.

ಉತ್ತರ 3: ವಲಸೆ ಹೋಗುವವರಿಗೆ ಮಾಹಿತಿ ನೀಡುವ ಸ್ವಯಂಸೇವಕ, ಮಂಗಳೂರು

ಆ ತಂದೆಗೆ ದಯವಿಟ್ಟು ಸಾಲ ಮಾಡಬೇಡಿ ಎಂದು ಹೇಳಿರಿ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಜನರನ್ನು ನೇಮಿಸಿಕೊಡುವ ಏಜೆಂಟರು ನೋಂದಣಿ ಮಾಡಿಸಿರಬೇಕು, ಮತ್ತು ಅವರು ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಹಾಗೂ ಅದರ ಮೇಲಿನ ಜಿಎಸ್‌ಟಿ. ನೋಂದಾಯಿತರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಇನ್ನೊಂದು ಮಾತನ್ನು ಇಲ್ಲಿ ಯಾರೂ ಹೇಳಿಲ್ಲ: ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿಯ ಅಗತ್ಯವಿಲ್ಲ. ಇದು ಅನುಕೂಲವೆಂದು ತೋರಿದರೂ, ಅವರ ಕರಾರುಪತ್ರವನ್ನು ಹೊರಡುವ ಮುನ್ನ ಸರ್ಕಾರದ ಅಧಿಕಾರಿ ನೋಡಿರುವುದಿಲ್ಲ ಎಂದೂ ಅರ್ಥ. ಸಂಬಳ, ಕಡಿತ, ವಸತಿ, ಕೆಲಸ ಬಿಟ್ಟರೆ ತೆರಬೇಕಾದ ದಂಡ, ಇವನ್ನು ಹುಡುಗನೇ ಓದಿ ಅರ್ಥಮಾಡಿಕೊಳ್ಳಬೇಕು. ಜಪಾನಿನ ನಿರ್ದಿಷ್ಟ ಕೌಶಲದ ವೀಸಾ 2019ರಲ್ಲಿ ಆರಂಭವಾಯಿತು. ಅದಕ್ಕೆ ಆಯಾ ಕ್ಷೇತ್ರದ ಕೌಶಲ ಪರೀಕ್ಷೆಯ ಜೊತೆಗೆ ಎನ್4 ಎಂಬ ಆರಂಭಿಕ ಹಂತದ ಜಪಾನಿ ಭಾಷಾ ಪರೀಕ್ಷೆಯಲ್ಲಿ ಅಥವಾ ಅದಕ್ಕೆ ಸಮನಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಭಾಷೆಯ ಮಾತೇ ಎತ್ತದೆ ಆರು ತಿಂಗಳಲ್ಲಿ ಕಳುಹಿಸುತ್ತೇನೆ ಎನ್ನುವವರ ಬಳಿಗೆ ಹೋಗುವುದೇ ಬೇಡ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಆ ತಂದೆಯನ್ನು ಕರೆಸಿ, ಕಚೇರಿಯ ಕಂಪ್ಯೂಟರಿನಲ್ಲಿ ಇಬ್ಬರೂ ಕುಳಿತು ಪಟ್ಟಿಯನ್ನು ಹುಡುಕಿದೆವು. ಅವರಿಗೆ ಮಾತು ಕೊಟ್ಟವರ ಹೆಸರು ಅದರಲ್ಲಿ ಇರಲಿಲ್ಲ. ಅವರು ಪಹಣಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರು. ಬರುವ ಸೋಮವಾರದಿಂದ ಒಂದು ಗಂಟೆ ಎರಡೂ ರೀತಿಯ ಡ್ರಾಯಿಂಗ್ ಓದಿಗೆ, ಇನ್ನೊಂದು ಗಂಟೆ ಜಾಬ್ ಪುಸ್ತಕಕ್ಕೆ ಎಂದು ಗೊತ್ತುಮಾಡಿದ್ದೇನೆ. ಜರ್ಮನ್ ಕಲಿಯಲೇಬೇಕೆಂದು ಆರು ಹುಡುಗರು ಮುಂದೆ ಬಂದಿದ್ದಾರೆ, ಸಂಜೆ ಆನ್‌ಲೈನ್ ತರಗತಿಗೆ ನಮ್ಮ ಕೊಠಡಿ ಬಳಸಲು ಪ್ರಾಚಾರ್ಯರು ಒಪ್ಪಿದ್ದಾರೆ. ಸ್ಟುಟ್‌ಗಾರ್ಟಿನ ಸಹೋದರರೇ, ನೀವು ಹೇಳಿದ ಪಾಳಿ ನೋಟ್‌ಬುಕ್ಕಿನಲ್ಲಿ ಎಂಥ ಸಾಲುಗಳಿರುತ್ತವೆಂದು ಒಂದು ಮಾದರಿ ಪುಟ ಬರೆದು ಕಳುಹಿಸಲು ಸಾಧ್ಯವೇ?