ಗಾಳಿಗಿರಣಿಯ ಹಾಡನ್ನು ಕಟ್ಟಿದವರು ಯಾರು?

ಪ್ರಶ್ನೆ: ತೊಗರಿನಾಡು, ಕಲಬುರಗಿ

ಜೆಲ್ಡಾ ಎಂಬ ವಿಡಿಯೊ ಗೇಮ್ ಸರಣಿಯನ್ನು ಪೂರ್ತಿ ಆಡಿದವರು ಇಲ್ಲಿದ್ದರೆ ದಯವಿಟ್ಟು ಉತ್ತರಿಸಿ. ಸೋದರಮಾವ ಹೈದರಾಬಾದಿನಿಂದ ತಂದುಕೊಟ್ಟ, ಕೈಯಲ್ಲಿ ಹಿಡಿದು ಆಡುವ ಹಳೆಯ ತ್ರೀಡಿಎಸ್‌ ಯಂತ್ರದಲ್ಲಿ ಆ ಸರಣಿಯ ‘ಒಕರಿನಾ ಆಫ್ ಟೈಮ್’ ಮುಗಿಸಿದೆ. ಮೂಲ ಆಟ 1998ರದು, ನನ್ನ ಬಳಿ ಇರುವುದು 2011ರ ಮರುರೂಪ. ಅಂದಿನಿಂದ ತಮ್ಮನಿಗೂ ನನಗೂ ಊಟದ ಹೊತ್ತಿಗೆ ಇದೇ ಜಗಳ.

ಕಥಾನಾಯಕ ಲಿಂಕ್ ಕಾಲಮಂದಿರದ ಖಡ್ಗವನ್ನು ಕಿತ್ತರೆ ಏಳು ವರ್ಷ ಮುಂದಕ್ಕೆ ಹೋಗುತ್ತಾನೆ, ಮರಳಿ ನೆಟ್ಟರೆ ಬಾಲಕನಾಗುತ್ತಾನೆ. ದೊಡ್ಡವನಾಗಿ ಕಾಕರಿಕೊ ಊರಿನ ಗಾಳಿಗಿರಣಿಗೆ ಹೋದಾಗ ಅಲ್ಲಿನ ವಾದ್ಯಗಾರ ಕೆಂಡಾಮಂಡಲವಾಗಿರುತ್ತಾನೆ. ಏಳು ವರ್ಷದ ಹಿಂದೆ ಒಬ್ಬ ಹುಡುಗ ಬಂದು ವಿಚಿತ್ರವಾದ ಹಾಡು ನುಡಿಸಿ ಗಿರಣಿಯನ್ನೇ ಕೆಡಿಸಿದ ಎಂದು ಹೇಳಿ ಆ ಹಾಡನ್ನು ಕೇಳಿಸುತ್ತಾನೆ. ಲಿಂಕ್ ಅದನ್ನು ಕಲಿತು, ಬಾಲ್ಯಕ್ಕೆ ಮರಳಿ, ಅದೇ ಗಿರಣಿಯಲ್ಲಿ ಅದನ್ನೇ ನುಡಿಸುತ್ತಾನೆ. ಗಿರಣಿ ಹುಚ್ಚೆದ್ದು ತಿರುಗುತ್ತದೆ, ಊರ ಬಾವಿ ಬತ್ತುತ್ತದೆ.

ಹುಡುಗ ಕಲಿತದ್ದು ವಾದ್ಯಗಾರನಿಂದ, ವಾದ್ಯಗಾರ ಕಲಿತದ್ದು ಹುಡುಗನಿಂದ. ನಮ್ಮ ಕಡೆ ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಿದರೆ ಕೊನೆಯ ನುಡಿಯ ಅಂಕಿತ ಕೇಳಿ ಯಾರ ಪದವೆಂದು ತಿಳಿಯುತ್ತದೆ. ಈ ಹಾಡಿಗೆ ಅಂಕಿತ ಹಾಕುವ ಹಕ್ಕು ಇವರಿಬ್ಬರಲ್ಲಿ ಯಾರಿಗೂ ಇಲ್ಲ.

ಅದನ್ನಾದರೂ ಸಹಿಸಬಹುದು. ಆದರೆ ಕೊನೆಯಲ್ಲಿ ರಾಜಕುಮಾರಿ ಜೆಲ್ಡಾ ಲಿಂಕನನ್ನು ಬಾಲ್ಯಕ್ಕೆ ಕಳಿಸಿದಾಗ ಕಾಲ ಎರಡಾಗಿ ಒಡೆಯುತ್ತದಂತೆ. ಅವನಿಲ್ಲದ ಲೋಕ ‘ವಿಂಡ್ ವೇಕರ್’ ಆಟದ ಲೋಕವಾಗುತ್ತದೆ, ಅವನು ಮರಳಿದ ಲೋಕ ‘ಮಜೋರಾಸ್ ಮಾಸ್ಕ್’ ಆಟದ ಲೋಕವಾಗುತ್ತದೆ. ಒಂದೇ ಆಟದಲ್ಲಿ ಒಮ್ಮೆ ಕಾಲ ಸುತ್ತಿಕೊಳ್ಳುವುದು, ಇನ್ನೊಮ್ಮೆ ಕವಲೊಡೆಯುವುದು ಹೇಗೆ? ಕಥೆ ಬರೆದವರ ಎಡವಟ್ಟು ಎನ್ನುತ್ತಾನೆ ತಮ್ಮ. ನನಗೆ ಹಾಗೆ ಅನ್ನಿಸುವುದಿಲ್ಲ, ಆದರೆ ಅವನ ಬಾಯಿ ಮುಚ್ಚಿಸುವ ವಾದ ಸಿಗುತ್ತಿಲ್ಲ.

ಉತ್ತರ: ಚೌಬಾರಾ, ಬೀದರ್

ನಿಮ್ಮ ಅನಿಸಿಕೆಯೇ ಸರಿ. ಸುತ್ತು ಕೂಡುವ ಕಡೆ ಕಾಲ ಕೂಡಿಕೊಳ್ಳುತ್ತದೆ, ಕೂಡಲಾರದ ಕಡೆ ಮಾತ್ರ ಒಡೆಯುತ್ತದೆ.

ಮರುಭೂಮಿಯ ಸ್ಪಿರಿಟ್ ದೇವಾಲಯವನ್ನು ನೆನಪಿಸಿಕೊಳ್ಳಿ. ಅಲ್ಲಿಗೆ ಬಾಲಕನಾಗಿ ಹೋಗಲು ಬೇಕಾದ ಹಾಡನ್ನು ಶೀಕ್ ಎಂಬ ಪಾತ್ರ ಕಲಿಸುವುದು ದೊಡ್ಡ ಲಿಂಕನಿಗೆ. ಬಾಲಕ ಹೋಗಿ ಬೆಳ್ಳಿಯ ಕೈಗವಸು ಗೆಲ್ಲುತ್ತಾನೆ, ಅದನ್ನು ತೊಟ್ಟು ಭಾರವಾದ ಕಲ್ಲನ್ನು ತಳ್ಳುವವನು ದೊಡ್ಡವನು. ಬಾಲಕ ಮಾಡಿದ್ದು ದೊಡ್ಡವನ ಲೋಕವನ್ನು ಸುಳ್ಳು ಮಾಡುವುದಿಲ್ಲ, ಅದಕ್ಕೆ ದಾರಿ ಮಾಡಿಕೊಡುತ್ತದೆ. ಗಿರಣಿಯ ಹಾಡೂ ಹಾಗೆಯೇ.

ಕೊನೆಯ ಪಯಣ ಬೇರೆ. ಮರಳಿದ ಬಾಲಕ ರಾಜಕುಮಾರಿಯನ್ನು ಕಂಡು ಎಚ್ಚರಿಸುತ್ತಾನೆ. ಖಳನಾಯಕ ಗ್ಯಾನನ್‌ಡಾರ್ಫ್‌ನ ಸಂಚು ಬಯಲಾಗುತ್ತದೆ. ‘ಟ್ವೈಲೈಟ್ ಪ್ರಿನ್ಸೆಸ್’ ಆಟದಲ್ಲಿ ಋಷಿಗಳು ಅವನಿಗೆ ಮರಣದಂಡನೆ ವಿಧಿಸಲು ಹೊರಡುವುದು ಇದರ ಫಲ. ಹೀಗಾದ ಮೇಲೆ ಅವನು ಏಳು ವರ್ಷ ಹೈರೂಲ್ ರಾಜ್ಯವನ್ನು ಆಳಿದ ಲೋಕ ಇದೇ ದಾರಿಯ ಮುಂದೆ ಇರಲಾರದು. ಆದರೆ ಆ ಲೋಕ ನಡೆದು ಹೋಗಿದೆ, ಅದರ ಜೆಲ್ಡಾ ಅಲ್ಲೇ ಉಳಿದಿದ್ದಾಳೆ. ಆದ್ದರಿಂದ ಕವಲು ಬೇಕೇ ಬೇಕು.

ಉತ್ತರ: ಭೀಮಾತೀರ, ಯಾದಗಿರಿ

ಅಕ್ಕ, ಬೀದರಿನವರ ವಾದ ಚೆನ್ನಾಗಿದೆ, ಆದರೆ ಅವರು ಅವರೆಕಾಳನ್ನು ಮರೆತಿದ್ದಾರೆ. ಆಟದಲ್ಲಿ ಮಾಂತ್ರಿಕ ಬೀಜಗಳಿವೆಯಲ್ಲ, ಅವನ್ನು ಹೇಳುತ್ತಿದ್ದೇನೆ. ನಾನು ಹೊಲದ ಮನೆಯವನು, ಮಣ್ಣು ಕಂಡರೆ ಮೊದಲು ಅತ್ತ ಕಣ್ಣು ಹೋಗುತ್ತದೆ. ದೊಡ್ಡವನಾಗಿ ಹೋಗಿ ಆ ಮೆತ್ತನೆಯ ಮಣ್ಣಿನ ಜಾಗ ನೋಡಿ: ಏನೂ ಬೆಳೆದಿಲ್ಲ. ಬಾಲ್ಯಕ್ಕೆ ಹೋಗಿ ಬೀಜ ಊರಿ ಮತ್ತೆ ದೊಡ್ಡವನಾಗಿ ಬನ್ನಿ: ಮನುಷ್ಯನನ್ನು ಹೊತ್ತು ಹಾರುವ ಗಿಡ! ಅಂದರೆ ಕಣ್ಣಾರೆ ಕಂಡ ಭವಿಷ್ಯವೇ ಬದಲಾಯಿತು. ಸುತ್ತೂ ಕೂಡಲಿಲ್ಲ, ಕವಲೂ ಒಡೆಯಲಿಲ್ಲ. ಇದು ಮೂರನೆಯ ನಿಯಮವಲ್ಲವೇ?

ಅಧಿಕೃತ ಗ್ರಂಥ ‘ಹೈರೂಲ್ ಹಿಸ್ಟೋರಿಯಾ’ 2011ರಲ್ಲಿ ಇನ್ನೊಂದು ಕವಲನ್ನೂ ಸೇರಿಸಿತು: ಲಿಂಕ್ ಸೋತ ಲೋಕ. 1986ರ ಮೊದಲ ಆಟವನ್ನೂ 1991ರ ‘ಎ ಲಿಂಕ್ ಟು ದಿ ಪಾಸ್ಟ್’ ಅನ್ನೂ ಅಲ್ಲಿಟ್ಟರು. ಅಲ್ಲಿ ಕಾಲಯಾನವೇ ಇಲ್ಲ, ಸೋತದ್ದಷ್ಟೇ. ಸೋಲೂ ಕವಲೊಡೆಯುವುದಾದರೆ ಚೌಬಾರಾ ಅವರ ನಿಯಮ ನಿಲ್ಲುವುದಿಲ್ಲ.

ಹಾಡಿನ ವಿಷಯಕ್ಕೆ ಒಂದು ಸುಳಿವು ಕೊಡುತ್ತೇನೆ. ಬಾಲಕನಾಗಿ ಮೊದಲ ಸಲ, ಏನೂ ನುಡಿಸದೆ, ಗಿರಣಿಯೊಳಗೆ ಸುಮ್ಮನೆ ನಿಂತು ಕೇಳಿ.

ಉತ್ತರ: ಚೌಬಾರಾ, ಬೀದರ್

ಬೀಜಗಳು ಆಟದ ಅನುಕೂಲಕ್ಕೆ ಇಟ್ಟವು, ಕಥೆಯ ಭಾಗವಲ್ಲ. ಸೋಲಿನ ಕವಲಿಗೆ ನನ್ನ ಬಳಿ ಸಮಾಧಾನವಿಲ್ಲ. ಅದು ಹಳೆಯ ಆಟಗಳಿಗೆ ಜಾಗ ಮಾಡಲು ಆಮೇಲೆ ಹೊಲಿದ ತೇಪೆಯೆಂದೇ ನಾನು ನಂಬಿದ್ದೇನೆ.

ಪ್ರಶ್ನೆ ಕೇಳಿದವರಿಂದ: ತೊಗರಿನಾಡು, ಕಲಬುರಗಿ

ಭೀಮಾತೀರ ಅವರು ಹೇಳಿದಂತೆ ಹೊಸದಾಗಿ ಆಟ ಶುರುಮಾಡಿ ಗಿರಣಿಗೆ ಹೋಗಿ ನಿಂತೆ. ಮೈ ಜುಮ್ಮೆಂದಿತು. ಹಿನ್ನೆಲೆಯಲ್ಲಿ ಬರುತ್ತಿರುವುದು ಅದೇ ರಾಗ! ವಾದ್ಯಗಾರ ನಗುನಗುತ್ತಾ ಪೆಟ್ಟಿಗೆಯ ಹಿಡಿ ತಿರುಗಿಸುತ್ತಿದ್ದಾನೆ, ಸುತ್ತುವ ಈ ಗಿರಣಿಯ ಮೇಲೊಂದು ರಾಗ ಕಟ್ಟಬೇಕೆಂದು ಹೇಳಿಕೊಳ್ಳುತ್ತಾನೆ. ಅಂದರೆ ರಾಗ ಅವನೊಳಗೆ ಆಗಲೇ ಹುಟ್ಟುತ್ತಿತ್ತು. ಹುಡುಗ ಬಂದು ನುಡಿಸಿದ್ದು ಅವನೇ ಮುಂದೆ ಮುಗಿಸಬೇಕಿದ್ದ ರಾಗವನ್ನು. ತನ್ನ ಹಾಡನ್ನೇ ಬೇರೊಬ್ಬನ ಬಾಯಿಂದ ಮೊದಲು ಕೇಳಿ, ಅದು ತನ್ನದೆಂದು ಗುರುತಿಸಲಾಗದೆ ಏಳು ವರ್ಷ ಸಿಟ್ಟಿನಲ್ಲಿ ಕಳೆದ. ಇಡೀ ಆಟದಲ್ಲಿ ಇವನಷ್ಟು ಅನ್ಯಾಯ ಯಾರಿಗೂ ಆಗಿಲ್ಲ. ಅಂಕಿತ ಅವನದೇ ಎಂದು ನಾನು ತೀರ್ಮಾನಿಸಿದ್ದೇನೆ.

ಚೌಬಾರಾ ಅವರೇ, ಕವಲಿನ ವಿಷಯದಲ್ಲಿ ನಿಮ್ಮ ವಾದದಿಂದ ತಮ್ಮನನ್ನು ಸುಮ್ಮನಾಗಿಸಿದೆ. ಆದರೆ ಬೀಜಗಳು ಕಥೆಯಲ್ಲ ಎಂಬುದನ್ನು ಒಪ್ಪುವುದಿಲ್ಲ. ಪುಸ್ತಕದಲ್ಲಿ ಕಥೆ ಓದಿ ತಿಳಿಯುವುದು, ಆಟದಲ್ಲಿ ಕೈಯಾರೆ ಮಾಡಿ ತಿಳಿಯುವುದು. ನಾನೇ ಊರಿದ ಬೀಜವನ್ನು ಕಥೆಯಿಂದ ಹೊರಗಿಟ್ಟರೆ ನಾನೇ ನುಡಿಸಿದ ಹಾಡನ್ನೂ ಹೊರಗಿಡಬೇಕಾಗುತ್ತದೆ. ಹಾಗಾಗಿ ಈ ಆಟದ ತರ್ಕದಲ್ಲಿ ನಿಜವಾದ ತೂತು ಬೀಜಗಳದೇ, ಹಾಡಿನದಲ್ಲ.

‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಬಗ್ಗೆ ಬೇರೆಯಾಗಿ ಕೇಳುತ್ತೇನೆ. ಆ 2023ರ ಆಟದಲ್ಲಿ ಜೆಲ್ಡಾ ಪುರಾತನ ಕಾಲಕ್ಕೆ ಹೋಗಿ ಡ್ರ್ಯಾಗನ್ ಆಗಿ ಯುಗಯುಗಗಳಿಂದ ಆಕಾಶದಲ್ಲಿ ಹಾರುತ್ತಿದ್ದಾಳೆ ಎನ್ನುತ್ತಾರೆ. ಹಾಗಿದ್ದರೆ 2017ರ ‘ಬ್ರೆತ್ ಆಫ್ ದಿ ವೈಲ್ಡ್’ ಆಟದ ಆಕಾಶದಲ್ಲಿ ಮೂರು ಡ್ರ್ಯಾಗನ್‌ಗಳಷ್ಟೇ ಏಕಿವೆ? ತಮ್ಮ ಈಗಾಗಲೇ ಆ ವಾದ ಹಿಡಿದು ಕುಳಿತಿದ್ದಾನೆ.