ಮ್ಯಾಕ್‌ಬೆತ್‌ನ ಕತ್ತಲು: ಬಯಲು ರಂಗಮಂದಿರದಲ್ಲಿ ತೋರಿಸುವುದು ಹೇಗೆ?

ತೆರೆಮರೆ:
ಡಿಸೆಂಬರ್‌ನಲ್ಲಿ ಬೆಂಗಳೂರಿನ ಸಂಸ ಬಯಲು ರಂಗಮಂದಿರದಲ್ಲಿ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಆಡುತ್ತಿದ್ದೇವೆ, ಸಂಜೆ 7ಕ್ಕೆ. ಕತ್ತಲು ಅಂದರೆ ಕೇಡು, ಆದ್ದರಿಂದ ಮೊದಲಿಂದ ಕೊನೆವರೆಗೂ ಗಾಢ ನೀಲಿ ಇರಲಿ ಅನ್ನುವುದು ನಿರ್ದೇಶಕರ ಯೋಚನೆ. ಲೈಟ್ ಹಾಕಿ ನೋಡಿದರೆ ಐದನೇ ಸಾಲಿಗೆ ಮುಖವೇ ಕಾಣುತ್ತಿಲ್ಲ, ಅರ್ಧ ಗಂಟೆಗೆಲ್ಲ ನೋಡುವವರಿಗೆ ತೂಕಡಿಕೆ. ಸುತ್ತಲಿನ ಊರಬೆಳಕಿನಿಂದ ಬ್ಲ್ಯಾಕ್‌ಔಟ್ ಕೂಡ ಪೂರ್ತಿ ಆಗುವುದಿಲ್ಲ. ಇರುವುದು 8 ಹ್ಯಾಲೊಜೆನ್ ಪಾರ್ (ರಂಗದ ಸರಳ ದೀಪ), 6 ಎಲ್‌ಇಡಿ ಪಾರ್, 12 ಚಾನೆಲ್‌ನ ಡಿಮ್ಮರ್ (ಬೆಳಕು ಏರಿಳಿಸುವ ಸಾಧನ). ನಾಟಕದ ಕತ್ತಲಿಗೆ ನಿಜವಾಗಿ ಏನರ್ಥ, ಇಷ್ಟರಲ್ಲೇ ಅದನ್ನು ಹೇಗೆ ತರುವುದು?

ಅಂಕಪರದೆ:
ಮೊದಲಿಂದಲೇ ಕತ್ತಲು ಸುರಿದರೆ ನಾಟಕದ ಮುಖ್ಯ ಸಂಗತಿಯೇ ಹೋಯಿತು. ಇಲ್ಲಿ ಕತ್ತಲು ತಾನಾಗಿ ಬರುವುದಿಲ್ಲ, ಅದನ್ನು ಕರೆಯುತ್ತಾರೆ. 1ನೇ ಅಂಕದ 4ನೇ ದೃಶ್ಯದಲ್ಲಿ ಮ್ಯಾಕ್‌ಬೆತ್ ನಕ್ಷತ್ರಗಳಿಗೆ ಉರಿ ಮರೆಸಿಕೊಳ್ಳಿ ಅನ್ನುತ್ತಾನೆ. ಮುಂದಿನ ದೃಶ್ಯದಲ್ಲೇ ಅವನ ಹೆಂಡತಿ ದಟ್ಟ ಇರುಳನ್ನು ಬಾ ಅಂತ ಕೂಗುತ್ತಾಳೆ, ತನ್ನ ಕತ್ತಿಗೇ ತಾನು ಮಾಡುವ ಗಾಯ ಕಾಣಬಾರದು ಅಂತ. ಆ ಕರೆ ಕೇಳಿಸಬೇಕಾದರೆ ಅದಕ್ಕೆ ಮುಂಚೆ ರಂಗದ ಮೇಲೆ ಬೆಳಕಿರಬೇಕಲ್ಲವೇ?

ಅದೇ ಅಂಕದ 6ನೇ ದೃಶ್ಯ ನೋಡಿ. ದೊರೆ ಡಂಕನ್, ಮ್ಯಾಕ್‌ಬೆತ್‌ನ ಕೋಟೆಯ ಗಾಳಿ ಹಿತವಾಗಿದೆ ಅನ್ನುತ್ತಾನೆ, ಜೊತೆಗಿರುವ ಸೇನಾನಿ ಬ್ಯಾಂಕೊ ಗೋಡೆಯ ಹಕ್ಕಿಗೂಡು ತೋರಿಸುತ್ತಾನೆ. ಆದರೆ 1623ರ ಫೋಲಿಯೊದಲ್ಲಿ (ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹ ಮುದ್ರಣ) ಅದೇ ದೃಶ್ಯದ ತಲೆಗೆ ಪಂಜುಗಳ ಸೂಚನೆಯೂ ಇದೆ. ಅಂದರೆ ಗೂಡು ಕಾಣುವಷ್ಟು ಬೆಳಕು, ಪಂಜು ಬೇಕಾಗುವಷ್ಟು ಮಬ್ಬು: ಮುಸ್ಸಂಜೆ. ಮ್ಯಾಕ್‌ಬೆತ್ ಡಂಕನ್‌ನನ್ನು ಕೊಂದ ಮೇಲೆ, 2ನೇ ಅಂಕದ 4ನೇ ದೃಶ್ಯದಲ್ಲಿ, ಹೊತ್ತಿನ ಲೆಕ್ಕಕ್ಕೆ ಹಗಲಾದರೂ ಬೆಳಕು ಬರುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು 3ನೇ ಅಂಕದಲ್ಲಿದೆ. 2ನೇ ದೃಶ್ಯದಲ್ಲಿ ಮ್ಯಾಕ್‌ಬೆತ್ ಮತ್ತೆ ಇರುಳನ್ನು ಕರೆಯುತ್ತಾನೆ. ಮರುದೃಶ್ಯದಲ್ಲಿ ಅವನು ಕಳಿಸಿದ ಕೊಲೆಗಾರರು ಬ್ಯಾಂಕೊನನ್ನು ಕೊಲ್ಲುವಾಗ ಪಂಜು ಆರುತ್ತದೆ, ಆ ಕತ್ತಲಲ್ಲೇ ಮಗ ಫ್ಲಿಯಾನ್ಸ್ ತಪ್ಪಿಸಿಕೊಳ್ಳುತ್ತಾನೆ. ಕರೆದವನನ್ನೇ ಕತ್ತಲು ಕೈಬಿಟ್ಟ ಗಳಿಗೆ ಅದು. 5ನೇ ಅಂಕಕ್ಕೆ ಬಂದರೆ, ಇರುಳನ್ನು ಕೂಗಿದವಳೇ ಪಕ್ಕದಲ್ಲಿ ಸದಾ ದೀಪ ಇರಲೇಬೇಕೆಂದು ಅಪ್ಪಣೆ ಮಾಡಿದ್ದಾಳೆ. ಕೇಡು ಎಂಬ ಒಂದೇ ಅರ್ಥಕ್ಕೆ ಕಟ್ಟಿಹಾಕಿದರೆ ಈ ಎರಡೂ ಕೈತಪ್ಪುತ್ತವೆ.

ಬಯಲಿನ ಬಗ್ಗೆ ಚಿಂತೆ ಬೇಡ. ಶೇಕ್ಸ್‌ಪಿಯರ್‌ನ ಕಾಲದ ಬಯಲು ರಂಗಮಂದಿರ ಗ್ಲೋಬ್‌ನಲ್ಲಿ ಆಡುತ್ತಿದ್ದದ್ದು ಮಧ್ಯಾಹ್ನದ ಬಿಸಿಲಲ್ಲಿ. ಕೈಯಲ್ಲಿ ಪಂಜು ಇದ್ದರೆ ರಾತ್ರಿ, ಉಳಿದದ್ದು ಮಾತಿನ ಕೆಲಸ.

ಡಿಮ್ಮರ್‌ಬೋರ್ಡ್:
ಅಂಕಪರದೆ ಅವರು ಹೇಳಿದ್ದನ್ನು ನಿಮ್ಮ 14 ಲೈಟಿನಲ್ಲೇ ಮಾಡಬಹುದು.

ಮುಖ ಕಾಣದಿರಲು ಕಾರಣ ಗಾಢ ನೀಲಿ ಜೆಲ್ (ದೀಪದ ಮುಂದಿನ ಬಣ್ಣದ ಹಾಳೆ) ಮತ್ತು ಇಳಿಸಿದ ಡಿಮ್ಮರ್ ಎರಡೂ ಸೇರಿದ್ದು. ಹ್ಯಾಲೊಜೆನ್ ಇಳಿಸಿದಷ್ಟೂ ಕೆಂಪಾಗುತ್ತದೆ, ಅದರಲ್ಲಿ ನೀಲಿಯೇ ಕಡಿಮೆ. ಇರುವ ಅಷ್ಟಿಷ್ಟನ್ನೂ ಜೆಲ್ ನುಂಗಿ ಕೆಸರು ಬಣ್ಣ ಉಳಿಯುತ್ತದೆ. ಎಂಟನ್ನೂ ಶೇ 25ರಲ್ಲಿ ಇಡುವ ಬದಲು ಎರಡನ್ನು ತಿಳಿನೀಲಿ ಜೆಲ್ ಹಾಕಿ 75–80ಕ್ಕೆ ಏರಿಸಿ, ಒಂದೇ ಬದಿಯಿಂದ, ಆಳೆತ್ತರಕ್ಕಿಂತ ಸ್ವಲ್ಪ ಮೇಲಿಂದ ಬಿಡಿ. ಎದುರಿನ ಬೆಳಕು ಅದರ ಕಾಲು ಭಾಗ ಸಾಕು. ಅರ್ಧ ಮುಖ ಕಂಡು ಅರ್ಧ ಮುಳುಗಿದರೆ ಜನ ಅದನ್ನು ರಾತ್ರಿ ಅಂತಲೇ ಓದಿಕೊಳ್ಳುತ್ತಾರೆ, ಕಣ್ಣೂ ಕಾಣುತ್ತದೆ. ನೆಲಕ್ಕೆ ಹೊಳಪಿಲ್ಲದ ಕಪ್ಪು ಬಟ್ಟೆ ಹಾಸಿ, ಇಲ್ಲದಿದ್ದರೆ ನೆಲದಿಂದ ಚಿಮ್ಮುವ ಬೆಳಕೇ ಕತ್ತಲನ್ನು ಕೆಡಿಸುತ್ತದೆ.

ಅಗ್ಗದ ಎಲ್‌ಇಡಿಗಳು ತೀರಾ ಕೆಳಗಿನ ಮಟ್ಟದಲ್ಲಿ ಜಿಗಿಯುತ್ತವೆ. ನಿಧಾನವಾಗಿ ಆರಿಸುವ ಕ್ಯೂಗೆ (ಬೆಳಕು ಬದಲಿಸುವ ಗಳಿಗೆಗೆ) ಅವುಗಳನ್ನು ನೆಚ್ಚಬೇಡಿ, ಹಿಂದಿನಿಂದ ಅಂಚು ಬೆಳಗಲು ಇಡಿ.

ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಹಾಗಾಗಿ ಬೆಳಕಿನ ದೃಶ್ಯದಿಂದ ಒಮ್ಮೆಲೇ ಇಳಿಸಿದರೆ ಮೊದಲ ಮಾತುಗಳು ವ್ಯರ್ಥ. 8–10 ಸೆಕೆಂಡ್ ಕೊಟ್ಟು ಇಳಿಸಿ. ದೃಶ್ಯಗಳ ನಡುವೆ ಬ್ಲ್ಯಾಕ್‌ಔಟ್ ಮಾತ್ರ ದಯವಿಟ್ಟು ಬೇಡ. 28 ದೃಶ್ಯ, 27 ಸಂದು, ತಲಾ 15 ಸೆಕೆಂಡ್ ಹಿಡಿದರೂ ಸುಮಾರು 7 ನಿಮಿಷ ಸೋರಿಹೋಗುತ್ತದೆ. ನಾಟಕಕ್ಕೆಲ್ಲ ಒಂದೇ ಒಂದು ದಿಢೀರ್ ಕತ್ತಲು ಸಾಕು, ಫ್ಲಿಯಾನ್ಸ್ ಓಡುವಾಗ. ಆಗ ಊರಬೆಳಕು ಉಳಿದರೂ ಪರವಾಗಿಲ್ಲ, ಓಡುವ ನೆರಳು ಕಂಡರೆ ಇನ್ನೂ ಒಳ್ಳೆಯದು.

5ನೇ ಅಂಕದಲ್ಲಿ ಮ್ಯಾಕ್‌ಬೆತ್‌ನ ಹೆಂಡತಿ ನಿದ್ದೆಯಲ್ಲಿ ನಡೆದಾಡುವ ದೃಶ್ಯಕ್ಕೆ ನಿಜವಾದ ಮೇಣದಬತ್ತಿ ಬಯಲಲ್ಲಿ ನಿಲ್ಲುವುದಿಲ್ಲ. ಅದು ಆರಿಹೋದರೆ ಆ ದೀಪ ಅವಳಿಗೆಲ್ಲಿ ಸಿಕ್ಕಿತು ಅನ್ನುವ ವೈದ್ಯನ ಮಾತು ಅಭಾಸವಾಗುತ್ತದೆ. ಬ್ಯಾಟರಿಯದು ಹಿಡಿಸಿ, ಜೊತೆಗೆ ಜೆಲ್ ಇಲ್ಲದ ಒಂದು ಹ್ಯಾಲೊಜೆನ್ ಅನ್ನು 15–20ರಲ್ಲಿ ಅದೇ ಬದಿಯಿಂದ ಬಿಡಿ. ಇಲ್ಲಿ ಆ ಕೆಂಪೇ ಉಪಯೋಗಕ್ಕೆ ಬರುತ್ತದೆ. ಕೈ ತೊಳೆಯುವ ಆಟಕ್ಕೆ ಎರಡೂ ಕೈ ಖಾಲಿ ಬೇಕು, ದೀಪ ಇಡಲು ಸೊಂಟದೆತ್ತರದ ಮೇಜೊಂದಿರಲಿ.

ಇರುಳುಗನ್ನಡ:
ಬಯಲಲ್ಲಿ ಮಾತೇ ಕತ್ತಲು ತರಬೇಕೆಂದ ಮೇಲೆ ಪದ ನೋಡಿಕೊಳ್ಳಿ. ‘ಅಂಧಕಾರ’ ಎಂದ ತಕ್ಷಣ ಪ್ರವಚನದ ಧಾಟಿ ಬರುತ್ತದೆ. ‘ಇರುಳು’, ‘ಕತ್ತಲು’ ಸಾಕು. 3ನೇ ಅಂಕದಲ್ಲಿ ಮ್ಯಾಕ್‌ಬೆತ್ ಇರುಳಿಗೆ ಬಳಸುವ ವಿಶೇಷಣ ಬೇಟೆಯ ಡೇಗೆ ಹಕ್ಕಿಯನ್ನು ಪಳಗಿಸಲು ಅದರ ರೆಪ್ಪೆ ಹೊಲಿಯುತ್ತಿದ್ದ ಪದ್ಧತಿಯದು. ‘ಕಣ್ಣು ಮುಚ್ಚಿಸುವ’ ಎಂದರೆ ಸೂಜಿ ತಪ್ಪಿಹೋಗುತ್ತದೆ. ‘ರೆಪ್ಪೆ ಹೊಲಿಯುವ ಇರುಳೇ’ ಎನ್ನಿ. ಅಲ್ಲೇ ಮುಂದೆ ಬೆಳಕು ದಪ್ಪಗಾಗುತ್ತದೆ ಎಂಬ ಮಾತಿಗೆ ‘ಬೆಳಕು ಹೆಪ್ಪುಗಟ್ಟುತ್ತಿದೆ’ ಎಂದರೆ ಹಾಲೂ ನೆತ್ತರೂ ಒಟ್ಟಿಗೆ ಬರುತ್ತವೆ, ಕನ್ನಡಕ್ಕೆ ಸಿಕ್ಕ ಲಾಭ ಅದು.

ಕೊನೆಯಲ್ಲಿ ಮ್ಯಾಕ್‌ಬೆತ್ ಬದುಕನ್ನು ಮೇಣದಬತ್ತಿಗೆ ಹೋಲಿಸುವ ಮಾತಿಗೆ ‘ನಂದು’ ಬೇಡ, ‘ಆರು, ಆರು’ ಇರಲಿ. ದೀಪ ಆರಿಸು ಎನ್ನಲು ಬಾಯಿ ಬಾರದೆ ‘ಶಾಂತ ಮಾಡು’ ಎನ್ನುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ಆ ಕಿವಿಗೆ ಈ ಪದ ಚುಚ್ಚುತ್ತದೆ.

ತೆರೆಮರೆ:
ಎಲ್ಲರಿಗೂ ಧನ್ಯವಾದ. ಪಂಜು ಆರುವ ಕ್ಯೂ ಯಾವ ಮಾತಿಗೆ ಕೊಡಲಿ?

ಡಿಮ್ಮರ್‌ಬೋರ್ಡ್:
ಮಾತಿಗೆ ಕೊಡಬೇಡಿ. ‘ಬೆಳಕು ಆರಿಸಿದ್ದು ಯಾರು?’ ಎಂದು ಕೊಲೆಗಾರ ಕೇಳುವುದು ಆರಿದ ಮೇಲೆ. ಬೋರ್ಡ್ ಮೇಲಿರುವವರು ಬ್ಯಾಂಕೊನ ಮೊಣಕಾಲು ನೋಡುತ್ತಿರಲಿ. ಅದು ನೆಲ ಮುಟ್ಟಿದಾಗ ಬ್ಯಾಟರಿ ಪಂಜಿನ ಸ್ವಿಚ್ಚೂ ಡಿಮ್ಮರೂ ಒಟ್ಟಿಗೆ ಸೊನ್ನೆಗೆ. ಪಂಜು ಹಿಡಿದವರ ಹೆಬ್ಬೆರಳು ಸ್ವಿಚ್ಚಿನ ಮೇಲೇ ಇರಬೇಕು, ತಾಲೀಮಿನಲ್ಲಿ ಇದೊಂದನ್ನೇ ಹತ್ತು ಸಲ ಮಾಡಿ.