ಹೊಲದ ತಗ್ಗುಗಳನ್ನು ಕೆರೆಗೆ ಕೂಡಿಸುವ ವಿಚಾರ: ಭಾನುವಾರದ ನಡಿಗೆಗೆ ಮುಂಚೆ

ಸಂಚಾಲಕಿ:
ಎಲ್ಲರಿಗೂ ನಮಸ್ಕಾರ. ಮಳೆ ಸುರಿದರೆ ಕೆಳಗಿನ ರಸ್ತೆ ಮುಳುಗುತ್ತದೆ. ಮಳೆ ನಿಂತ ಸ್ವಲ್ಪ ದಿನಕ್ಕೇ ಕೆರೆ ಬತ್ತುತ್ತದೆ. ಇವೆರಡನ್ನೂ ಬೇರೆ ಬೇರೆ ದೂರುಗಳೆಂದು ಬರೆದುಕೊಡುತ್ತಾ ಬಂದಿದ್ದೇವೆ. ಎರಡರ ಬೇರೂ ಮೇಲಿನ ಹೊಲಗಳಲ್ಲಿದೆ. ಅಲ್ಲಿ ಹಿಂದೆ ಜೊಂಡು ಬೆಳೆದ ತಗ್ಗುಗಳು, ಹೊಂಡಗಳು ಸಾಲಾಗಿದ್ದವು. ನೀರು ಒಂದರಲ್ಲಿ ನಿಂತು, ತುಂಬಿದ ಮೇಲೆ ಮುಂದಿನದಕ್ಕೆ ಇಳಿಯುತ್ತಿತ್ತು. ಅವನ್ನು ಮುಚ್ಚಿ ನೇರ ಕಾಲುವೆ ತೋಡಿದ ಮೇಲೆ ನೀರಿಗೆ ತಂಗುವ ಜಾಗವೇ ಇಲ್ಲ. ಹೊಲದ ಮಣ್ಣನ್ನು ಹೊತ್ತುಕೊಂಡು ನುಗ್ಗಿ ಬರುತ್ತದೆ, ರಸ್ತೆ ಮುಳುಗಿಸುತ್ತದೆ, ಕೆರೆಯಲ್ಲಿ ಹೂಳು ಬಿಟ್ಟು ಕೋಡಿ ಹರಿದುಹೋಗುತ್ತದೆ.

ಕೆರೆಯೊಂದನ್ನೇ ಹೂಳೆತ್ತಿ, ದಂಡೆಗೆ ಕಲ್ಲು ಕಟ್ಟಿ, ಸುತ್ತ ನಡಿಗೆಯ ಹಾದಿ ಮಾಡಿ ಎಂಬ ಮನವಿ ಗುಂಪಿನಲ್ಲಿ ಓಡಾಡುತ್ತಿದೆ. ಅದಕ್ಕೆ ನಾನು ಸಹಿ ಹಾಕುವುದಿಲ್ಲ. ಮೇಲಿನ ತಗ್ಗುಗಳು ಮರಳದಿದ್ದರೆ ಎತ್ತಿದ ಹೂಳು ಮತ್ತೆ ಬಂದು ಕೂರುತ್ತದೆ. ಕಲ್ಲು ಕಟ್ಟಿದ ಕಡಿದಾದ ದಂಡೆಯನ್ನು ಕಪ್ಪೆಮರಿ ಹತ್ತಲಾರದು, ನೀರಂಚಿನಲ್ಲಿ ನಡೆಯುವ ಹಕ್ಕಿ ಅಲ್ಲಿ ಕಾಲೂರಲಾರದು. ನಾವು ಕೇಳಬೇಕಾದದ್ದು ಕೆರೆಯನ್ನಲ್ಲ, ಇಡೀ ಸರಣಿಯನ್ನು.

ಕೊನೆಯ ಅಡ್ಡರಸ್ತೆಯ ನಿವಾಸಿ:
ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಪ್ರತಿ ಮಳೆಗೂ ನೀರು ನುಗ್ಗುವುದು ನಮ್ಮ ಮನೆಗೆ. ಕಾಲುವೆಯನ್ನು ಇನ್ನಷ್ಟು ಆಳ ಮಾಡಿ ನೀರನ್ನು ಬೇಗ ಸಾಗಿಸಿದರೆ ಸಾಲದೇ?

ಸಂಚಾಲಕಿ:
ಸರ್, ಬೇಗ ಸಾಗಿಸಿದ್ದರಿಂದಲೇ ಎಲ್ಲಾ ಹೊಲಗಳ ನೀರು ಒಂದೇ ಹೊತ್ತಿಗೆ ರಸ್ತೆಯ ಮೋರಿಯ ಬಾಯಿಗೆ ಬರುತ್ತಿದೆ. ಆಳ ಮಾಡಿದರೆ ಇನ್ನೂ ಬೇಗ ಬರುತ್ತದೆ. ಮೇಲೆಯೇ ಅಲ್ಲಲ್ಲಿ ತಡೆದರೆ ಆ ಹೊತ್ತು ಚದುರುತ್ತದೆ. ಭಾರೀ ಮಳೆಗೆ ಇದೊಂದೇ ಸಾಲದು, ಮೋರಿಯನ್ನೂ ಅಗಲ ಮಾಡಿಸಬೇಕು. ಈಗಿರುವ ಕೊಳವೆಯ ಕೆಳಬದಿಯ ಬಾಯಿ ನೀರಿಗಿಂತ ಎತ್ತರದಲ್ಲಿ ತೂಗುತ್ತಿದೆ, ಮೀನು ಹತ್ತಲಾರದು. ಅದರ ಬದಲು ತಳದಲ್ಲಿ ಸಹಜ ಮಣ್ಣು ಉಳಿಯುವ ಚೌಕ ಮೋರಿ ಕೇಳೋಣ. ನಿಮ್ಮ ಮನೆಗೂ ಅದು ಒಳ್ಳೆಯದು.

ತಗ್ಗಿನ ಹೊಲದ ರೈತರು:
ನನ್ನನ್ನೂ ಗುಂಪಿಗೆ ಸೇರಿಸಿದ್ದಕ್ಕೆ ವಂದನೆ. ನೇರವಾಗಿ ಹೇಳುತ್ತೇನೆ. ನೀರು ನಿಲ್ಲಿಸುವುದು ನಿಮಗೆ ಚೆಂದ, ಬೆಳೆ ಕೊಳೆಯುವುದು ನನ್ನ ಹೊಲದಲ್ಲಿ. ಕೆಳಮೂಲೆಯಲ್ಲಿ ಹೇಗೂ ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ, ಅಲ್ಲಿ ಬಿತ್ತಿದ್ದು ಸರಿಯಾಗಿ ಕೈಗೆ ಬಂದದ್ದಿಲ್ಲ. ಆ ಮೂಲೆಯ ಮಾತಾದರೆ ಕುಳಿತು ಮಾತಾಡೋಣ. ಅದರಾಚೆಗೆ ಒಂದು ಗೇಣೂ ತೇವ ಏರಬಾರದು. ಇದು ಬರವಣಿಗೆಯಲ್ಲಿ ಇರಬೇಕು.

ಸಂಚಾಲಕಿ:
ಯಜಮಾನರೇ, ನೀವು ಹೇಳಿದ್ದು ನ್ಯಾಯ. ಕಾಲುವೆಗೆ ಅಡ್ಡ ಮಣ್ಣು ಸುರಿದು ಮುಚ್ಚುವ ಯೋಚನೆಯೇ ನನಗಿಲ್ಲ. ಒಂದರ ಮೇಲೊಂದು ಹಲಗೆ ಇಳಿಸುವ ಸಣ್ಣ ತೂಬು ಕೂರಿಸಿದರೆ ನೀರಿನ ಮಟ್ಟ ಕೈಯಲ್ಲಿರುತ್ತದೆ. ಕೊಯ್ಲಿನ ಹೊತ್ತಿಗೆ ಒಂದು ಹಲಗೆ ಎತ್ತಿದರಾಯಿತು. ಹಲಗೆ ಎತ್ತುವ ಹಕ್ಕು ನಿಮಗೇ ಇರಲಿ. ನೆಲದಡಿಯ ಬಸಿಗಾಲುವೆ ಕೊಳವೆಗಳು ಎಲ್ಲೆಲ್ಲಿ ಹಾದಿವೆ ಎಂಬುದು ನಿಮಗಷ್ಟೇ ಗೊತ್ತು. ಅದು ತಿಳಿಯದೆ ತೂಬು ಹಾಕಿದರೆ ನೀರು ಪಕ್ಕದವರ ಹೊಲದಲ್ಲಿ ಏಳುತ್ತದೆ.

ಜೀವಶಾಸ್ತ್ರದ ಮೇಷ್ಟ್ರು:
ಭಾನುವಾರದ ನಡಿಗೆಗೆ ನಾನೂ ಜೊತೆಗೆ ಬರುತ್ತೇನೆ. ಇಂತಹ ಕೆಲಸ ಬೇರೆಡೆ ದೊಡ್ಡ ಪ್ರಮಾಣದಲ್ಲೇ ನಡೆದಿದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನಲ್ಲಿ ಹೋಮ್ ಫೆನ್, ವುಡ್‌ವಾಲ್ಟನ್ ಫೆನ್ ಎಂಬ ಎರಡು ಜೌಗುಗಳು ಹೊಲಗಳ ನಡುವೆ ದ್ವೀಪಗಳಂತೆ ಉಳಿದಿದ್ದವು. ನಡುವಿನ ಹೊಲಗಳನ್ನು ಮತ್ತೆ ತೇವಗೊಳಿಸಿ ಎರಡನ್ನೂ ಕೂಡಿಸುವ ಕೆಲಸ 2001ರಲ್ಲಿ ಆರಂಭವಾಗಿ ಇಂದಿಗೂ ಸಾಗುತ್ತಿದೆ. ಹೋಮ್ ಫೆನ್‌ನಲ್ಲಿ 1851ರ ಸುಮಾರಿಗೆ ಒಂದು ಕಬ್ಬಿಣದ ಕಂಬವನ್ನು ತುದಿ ನೆಲಮಟ್ಟಕ್ಕೆ ಬರುವಂತೆ ಹೂತರು. ನೀರು ಬಸಿದುಹೋದ ಕಪ್ಪು ಸಸ್ಯಮಣ್ಣು ಕುಗ್ಗಿ, ಗಾಳಿ ತಾಗಿ ಕರಗುತ್ತಾ ಹೋಗಿ, ಈಗ ಆ ತುದಿ ನೆಲದಿಂದ ಸುಮಾರು 4 ಮೀಟರ್ ಮೇಲಿದೆ. ತಗ್ಗಿನ ಮಣ್ಣು ಅಂಥದ್ದಾಗಿದ್ದರೆ ಬಸಿದಷ್ಟೂ ಹೊಲವೇ ಕೆಳಗಿಳಿಯುತ್ತದೆ.

ಹೊಂಡ ಅಗೆಯುವಾಗ ದಯವಿಟ್ಟು ಅವಸರ ಬೇಡ. ಇಂಗ್ಲೆಂಡಿನದೇ ನಾರ್ಫೋಕ್‌ನಲ್ಲಿ, ಮುಚ್ಚಿ ಹೊಲವಾಗಿಸಿದ್ದ ಹಳೆಯ ಹೊಂಡಗಳನ್ನು ತೆರೆದಾಗ, ಸುಮಾರು 150 ವರ್ಷ ಮುಚ್ಚಿದ್ದ ಕೆಸರಿನಿಂದಲೂ ಜಲಸಸ್ಯಗಳು ಮೊಳೆತವು. ಮೇಲೆ ತುಂಬಿದ ಮಣ್ಣನ್ನು ತೆಗೆಯುತ್ತಾ ಹೋದರೆ ಒಂದು ಹಂತದಲ್ಲಿ ಬಣ್ಣ ಕಪ್ಪಾಗುತ್ತದೆ, ಬಸವನಹುಳುವಿನ ಚಿಪ್ಪುಗಳು ಕಾಣಿಸುತ್ತವೆ. ಅದೇ ಹಳೆಯ ತಳ. ಯಂತ್ರವನ್ನು ಅಲ್ಲಿಗೇ ನಿಲ್ಲಿಸಬೇಕು. ಅಂಗಡಿಯಿಂದ ಗಿಡ ತಂದು ನೆಡುವ ಅಗತ್ಯವಿಲ್ಲ, ಬೀಜ ಅಲ್ಲೇ ಕಾದಿರಬಹುದು.

ಇನ್ನೊಂದು ಎಚ್ಚರಿಕೆ. ಕೆರೆಯ ಒಂದು ಮೂಲೆಯಲ್ಲಿ ಅಂತರಗಂಗೆ ಇದೆ. ಕೂಡಿಸುವ ಮೊದಲೇ ಅದನ್ನು ಬುಡಸಹಿತ ತೆಗೆಯದಿದ್ದರೆ ನೆರೆ ಬಂದಾಗ ಎಲ್ಲೆಡೆ ಹಬ್ಬುತ್ತದೆ. ಎಲ್ಲಾ ಹೊಂಡಗಳನ್ನೂ ಕಾಲುವೆಗೆ ಸೇರಿಸುವುದೂ ಬೇಡ. ಮೀನು ತಲುಪದ, ಬೇಸಿಗೆಯಲ್ಲಿ ಒಣಗುವ ಒಂದೆರಡು ಹೊಂಡಗಳು ಕಪ್ಪೆಗಳಿಗೆ ಬೇಕು. ಮೀನಿದ್ದ ಕಡೆ ಮೊಟ್ಟೆ, ಮರಿ ಉಳಿಯುವುದು ಕಷ್ಟ. ಅವುಗಳ ನಡುವೆ ಉಳುಮೆಯಾಗದ ಹುಲ್ಲಿನ ಬದು ಇದ್ದರೆ ಸಾಕು, ಕಪ್ಪೆಗೆ ಅದೇ ದಾರಿ.

ಹೊಸದಾಗಿ ಬಂದ ನಿವಾಸಿ:
ಮನೆಯಲ್ಲಿ ಪುಟ್ಟ ಮಗುವಿದೆ. ನಿಂತ ನೀರು ಹೆಚ್ಚಾದರೆ ಸೊಳ್ಳೆ ಹೆಚ್ಚುವುದಿಲ್ಲವೇ?

ಜೀವಶಾಸ್ತ್ರದ ಮೇಷ್ಟ್ರು:
ಕೇಳಲೇಬೇಕಾದ ಪ್ರಶ್ನೆ, ತಾಯಿ. ಕೊಳಚೆ ಸೇರಿದ ಚರಂಡಿ, ಬೇಟೆಗಾರರಿಲ್ಲದ ಗುಂಡಿಗಳು ಸೊಳ್ಳೆಗೆ ಅನುಕೂಲ. ಜೀವ ತುಂಬಿದ ಹೊಂಡದಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು, ನೀರುಜೀರುಂಡೆಗಳು ಸೊಳ್ಳೆಮರಿಯನ್ನು ತಿನ್ನುತ್ತವೆ. ಆದರೂ ಸೊಳ್ಳೆಯೇ ಇರದು ಎಂದು ಭರವಸೆ ಕೊಡಲಾರೆ. ಮನೆಗಳ ಹತ್ತಿರದ ತಗ್ಗನ್ನು ಬಿಟ್ಟು ಹೊಲದ ಕಡೆಯಿಂದ ಶುರುಮಾಡೋಣ. ಮನೆಗಳ ಕೊಳಚೆ ಮಾತ್ರ ಈ ಸರಣಿಗೆ ಸೇರಲೇಬಾರದು.

ತಗ್ಗಿನ ಹೊಲದ ರೈತರು:
ನಾವು ಹಾಕುವ ಗೊಬ್ಬರದಿಂದ ನೀರು ಕೆಟ್ಟಿತು ಎಂದು ನಾಳೆ ನಮ್ಮ ಮೇಲೆ ದೂರು ಬಂದರೆ?

ಸಂಚಾಲಕಿ:
ಹೊಲದಿಂದ ಸ್ವಲ್ಪ ಗೊಬ್ಬರ ಹರಿದುಬರುತ್ತದೆ ಎಂದುಕೊಂಡೇ ಈ ತಗ್ಗುಗಳನ್ನು ಕೇಳುತ್ತಿದ್ದೇನೆ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ರಂಜಕ ಹಿಡಿದ ಮಣ್ಣಿನ ಕಣಗಳು ತಳಕ್ಕೆ ಕೂರುತ್ತವೆ. ಮೊದಲ ಹೊಂಡವನ್ನು ಹೂಳು ಹಿಡಿಯಲೆಂದೇ ಇಟ್ಟು, ಆಗಾಗ ತೆಗೆದು ಹೊಲಕ್ಕೆ ಮರಳಿಸಿದರೆ ನಿಮ್ಮ ಮಣ್ಣು ನಿಮಗೇ ಸಿಗುತ್ತದೆ. ಯಾರ ಮೇಲೂ ದೂರು ಹೊರಿಸಲು ಈ ಗುಂಪನ್ನು ಬಳಸಲು ನಾನು ಬಿಡುವುದಿಲ್ಲ.

ಕೊನೆಯ ಅಡ್ಡರಸ್ತೆಯ ನಿವಾಸಿ:
ಹಾಗಾದರೆ ಹಳೆಯ ಮನವಿ ತಡೆಹಿಡಿಯೋಣ. ಮೋರಿಯ ವಿಷಯ ಮಾತ್ರ ಹೊಸ ಮನವಿಯಲ್ಲಿ ಮೊದಲಿಗೇ ಬರಲಿ.

ಸಂಚಾಲಕಿ:
ಖಂಡಿತ ಬರುತ್ತದೆ. ಭಾನುವಾರ ಬೆಳಿಗ್ಗೆ ಮೋರಿಯಿಂದ ಹೊರಟು ಕಾಲುವೆಯ ಗುಂಟ ಕೆಳಮೂಲೆಯವರೆಗೆ ನಡೆಯೋಣ. ಯಜಮಾನರು ಒಪ್ಪಿದ ಕಡೆ ಮಾತ್ರ ಹೊಲದೊಳಗೆ ಕಾಲಿಡುವುದು. ಹಳೆಯ ಸರ್ವೆ ನಕ್ಷೆ ಯಾರ ಬಳಿಯಾದರೂ ಇದ್ದರೆ ಇಂದೇ ಫೋಟೊ ಹಾಕಿ, ಮುಚ್ಚಿಹೋದ ಹೊಂಡಗಳ ಗುರುತು ಸಿಗಬಹುದು. ಉದ್ದದ ಅಳತೆ ಟೇಪು ಮತ್ತು ನೀರುಮಟ್ಟ ನೋಡುವ ಪಾರದರ್ಶಕ ಕೊಳವೆ ಇದ್ದವರು ತನ್ನಿ. ಹೊಸ ಮನವಿಯ ಕರಡನ್ನು ನಡಿಗೆ ಮುಗಿದ ಮೇಲೆಯೇ ಬರೆಯುತ್ತೇನೆ, ರೈತರ ಷರತ್ತುಗಳನ್ನೂ ಅದರಲ್ಲೇ ಸೇರಿಸಿ.